ಹಿಂದೆ ಹಿಂದೆ ಸರಿದ ಫೋಟೊ ಹುಡುಗಿ

ಆ ಹುಡುಗಿಯ ರಟ್ಟೆ ಹಿಡಿದು ಜೋರಾಗಿ ಎಳೆದೆ. ಅವಳು ನನ್ನ ಮೈಮೇಲೇ ಬಿದ್ದಳು. ಗೋವಾದ ವಿಶ್ವವಿದ್ಯಾಲಯದೊಳಗೆ ನಾನು ಗಿಡಗಳಿಗೆ ನೀರು ಬಿಡುತ್ತಿದ್ದೆ. ಗ್ರಂಥಾಲಯದ ಕಟ್ಟಡ ಪೂರ್ತಿ ಫೋಟೊದಲ್ಲಿ ಬರಲೆಂದು ಅವಳು ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡೇ ಹಿಂದೆ ಹಿಂದೆ ಸರಿಯುತ್ತಿದ್ದಳು. ಬೆನ್ನಿಗೇ ಕೆಂಪು ಕಲ್ಲಿನ ಕಡಿದಾದ ಮೆಟ್ಟಿಲುಗಳು. ಪ್ಯಾಂಟು ಹಾಕಿದ ಕಾಲೇಜು ಹುಡುಗಿ, ಕನ್ನಡ ಬರಲಿಕ್ಕಿಲ್ಲ ಅಂತ, ನನಗೆ ಬರುವಷ್ಟು ಹಿಂದಿಯಲ್ಲಿ, “ಪೀಛೆ ದೇಖೋ, ಬೇಟಿ” ಅಂದಿದ್ದೆ. “ಏಕ್ ಮಿನಿಟ್, ಆಂಟಿ” ಅಂತ ಅವಳು ಮತ್ತೂ ಸರಿದಳು. ಅದಕ್ಕೇ ಪೈಪು ಒಗೆದು ಓಡಿದ್ದು.

ಎಳೆದಾಗ ಅವಳ ಬಾಯಿಂದ ಬಂದದ್ದು, “ಯವ್ವಾ, ಸತ್ತೆ!”

“ಸತ್ತಿಲ್ಲ, ಏಳ. ನಮ್ಮ ಕಡಿಯಾಕಿ ಏನವ್ವ ನೀನು?” ಅಂದೆ.

ಅವಳು ಹಿಂದೆ ತಿರುಗಿ ಮೆಟ್ಟಿಲು ನೋಡಿದಳು. ಮುಖ ಬಿಳಿಚಿಕೊಂಡಿತು. “ಹೌದ್ರಿ ಆಂಟಿ, ಧಾರವಾಡದಾಕಿ. ನಿಮಗ ಕನ್ನಡ ಬರ್ತದಂತ ಗೊತ್ತಿದ್ದಿಲ್ರಿ.”

“ನಾ ಉಟ್ಟಿದ್ದ ಇಳಕಲ್ ಸೀರಿ ಕಾಣಲಿಲ್ಲೇನು? ಕಟ್ಟಡ ಏನು ಓಡಿ ಹೊಕ್ಕೈತಾ? ಹಿಂದ ಒಮ್ಮಿ ನೋಡಿ ಸಾಯಬಾರ್ದೇನು!”

ಅಷ್ಟು ಬೈಸಿಕೊಂಡ ಮೇಲೂ ಅವಳು ನನ್ನ ಕೈ ಬಿಡಲಿಲ್ಲ.

ಎದುರಿಗೆ ಬಂದವರೊಂದಿಗೆಲ್ಲ ಹರಕು ಹಿಂದಿ ಆಡುವುದು ಗೋವಾಕ್ಕೆ ದುಡಿಯಲು ಬಂದ ನಮ್ಮ ಕನ್ನಡದವರ ರೂಢಿ. ಬೇರೆ ಭಾಷೆಯಲ್ಲಿ ಮೆಲ್ಲಗೆ ಹೇಳಲು ಹೋಗಿ ಆ ದಿನ ಒಂದು ಜೀವ ಹೋಗುತ್ತಿತ್ತು. ಈಗ ಯಾರೇ ಕ್ಯಾಮೆರಾ ಹಿಡಿದು ಹಿಂದೆ ಸರಿಯಲಿ, ಕನ್ನಡದಲ್ಲೇ ಕೂಗುತ್ತೇನೆ. ತಿಳಿದವರು ನಿಲ್ಲುತ್ತಾರೆ. ತಿಳಿಯದವರು ಯಾರಿದು ಅಂತ ತಿರುಗಿ ನೋಡುತ್ತಾರೆ. ನನಗೆ ಬೇಕಾದದ್ದೂ ಅಷ್ಟೇ.