ಕ್ರಿಸ್ಪಿನ್ ಕೊಟ್ಟ ಕಾಫಿ

“ನಮ್ಮೋರಲ್ಲಿ ಯಾರನ್ನಾದ್ರೂ ಯಾವೂರು ಅಂತ ಕೇಳಿ ನೋಡಮ್ಮ. ಇಲ್ಲೇ ಸೇಬಿನ ತೋಟದಲ್ಲಿ ಹುಟ್ಟಿ ಬೆಳೆದೋನೂ ಅಪ್ಪನ ಊರೇ ಹೇಳ್ತಾನೆ. ನಾನೂ ಎಲ್ ಸೌಸ್ ಅಂದೆ. ಗಡಿಯಾಚೆಯ ಆ ಊರು ನಾನು ಕಂಡಿದ್ದು ಒಂದೇ ಸಲ, ಅಜ್ಜಿಯ ಮಣ್ಣಿಗೆ ಹೋದಾಗ. ಬೇರೆ ಯಾರಾದ್ರೂ ಕೇಳಿದ್ರೆ ಹುಷಾರಾಗಿರ್ತಿದ್ದೆ. ಕೇಳಿದ್ದು ಕ್ರಿಸ್ಪಿನ್. ಅವನು ನಕ್ಕೊಂಡು ಕೇಳ್ದ, ನಾನೂ ನಕ್ಕೊಂಡೇ ಹೇಳ್ದೆ. ನಾನೆಲ್ಲಿ ಹುಟ್ಟಿದ್ದು ಅಂತ ಅವನಿಗೆ ಗೊತ್ತಿಲ್ವ? ನಮ್ಮಿಬ್ಬರ ಅಮ್ಮಂದಿರೂ ಈ ಊರಿನ ಆಸ್ಪತ್ರೇಲೇ, ಒಂದೇ ಚಳಿಗಾಲದಲ್ಲಿ ಹೆತ್ತೋರು.”

ರೊಸೆಂದೊ ನನಗೆ ಹೀಗೆ ಹೇಳಿದ್ದು ತನ್ನ ಹಿತ್ತಲಲ್ಲಿ, ಏಣಿಗೆ ಹೊಸ ಮೆಟ್ಟಿಲು ಕೂರಿಸುತ್ತ. ವಾಷಿಂಗ್ಟನ್ ರಾಜ್ಯದ ನಮ್ಮ ಕಣಿವೆಯಲ್ಲಿ ಸೇಬು ಕೀಳುವ ಏಣಿ ಮುರಿದರೆ ಅದು ಬರುವುದು ಅವನ ಹತ್ತಿರವೇ. ಮಗಳು ನಾಯೆಲಿಗೆ ಮೇ ತಿಂಗಳಲ್ಲಿ ಹದಿನೈದು ತುಂಬುತ್ತದೆ; ನಮ್ಮ ಹೆಣ್ಣುಮಕ್ಕಳಿಗೆ ಅದು ಮದುವೆಯಷ್ಟೇ ದೊಡ್ಡ ಹಬ್ಬ. ಅವಳ ಕೈಹಿಡಿದು ಚರ್ಚಿಗೆ ನಡೆಸಬೇಕಾದವನು ಕ್ರಿಸ್ಪಿನ್. ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡಿದ್ದವನೂ ಅವನೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದೇ ಕರೆಯುತ್ತ ಬಂದವರು. ನಮ್ಮಲ್ಲಿ ಅದು ಅಣ್ಣತಮ್ಮಂದಿರಿಗಿಂತ ಗಟ್ಟಿ ನಂಟು. ಈ ಸಲ ಅವನನ್ನು ಕರೆಯುವುದೋ ಬಿಡುವುದೋ ಎಂಬುದೇ ಆ ಮನೆಯ ಚಿಂತೆಯಾಗಿತ್ತು.

ಕ್ರಿಸ್ಪಿನ್ ಕೌಂಟಿ ಜೈಲಿನ ಕಾವಲಿನವನು. ಕೇಂದ್ರದ ವಲಸೆ ಪೊಲೀಸರಿಗೋಸ್ಕರ ಯಾರನ್ನೂ ಜೈಲಿನವರು ಹಿಡಿದಿಟ್ಟುಕೊಳ್ಳಬಾರದು, ನ್ಯಾಯಾಧೀಶರ ಆಜ್ಞೆ ಇರಲೇಬೇಕು ಎಂದು ನಮ್ಮ ರಾಜ್ಯ ಕಾನೂನು ಮಾಡಿದಾಗ, ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದವನೇ ಅವನು. ಹೆದರಬೇಡಿ, ಅಲ್ಲಿ ನಾನಿದ್ದೀನಲ್ಲ ಎಂದಿದ್ದ. ನಾವು ಚಪ್ಪಾಳೆ ತಟ್ಟಿದ್ದೆವು.

ಈ ಸಲದ ಚಳಿಗಾಲದಲ್ಲಿ ರೊಸೆಂದೊನ ಗಾಡಿಯ ಹಿಂದಿನ ದೀಪ ಕೆಟ್ಟಿತ್ತೆಂದು ಪೊಲೀಸರು ತಡೆದರು. ಹಳೆಯ ದಂಡವೊಂದು ಬಾಕಿಯಿತ್ತು, ಜೈಲಿಗೆ ಒಯ್ದರು. ಮರುದಿನ ನ್ಯಾಯಾಧೀಶರು ಮನೆಗೆ ಹೋಗು ಎಂದರು. ಬಿಡುಗಡೆಯ ಕೋಣೆಯಲ್ಲಿ ಕ್ರಿಸ್ಪಿನ್ ಯಾವೂರು ಎಂದು ಕೇಳಿ ಬರೆದುಕೊಂಡ. ನಿನ್ನ ಬಟ್ಟೆ ಬರಲಿ, ಅಲ್ಲಿವರೆಗೆ ಕೂತ್ಕೊ ಎಂದು ಕಾಫಿ ತಂದುಕೊಟ್ಟ. ಲೋಟ ಅರ್ಧವೂ ಆಗಿರಲಿಲ್ಲ, ಹಿಂಬಾಗಿಲಿಂದ ಕೇಂದ್ರದವರು ಬಂದರು. ಬಾಗಿಲು ತೆರೆದದ್ದೂ ಕ್ರಿಸ್ಪಿನ್ನೇ.

ಕೇಂದ್ರದವರು ಅವನನ್ನು ಇಟ್ಟಿದ್ದ ಬೆಟ್ಟದಾಚೆಯ ಬಂದೀಖಾನೆಗೆ ಹೆಂಡತಿ ಒಫೇಲಿಯ ಅವನ ಜನನಪತ್ರ ಹಿಡಿದು ಹೋದಳು. ಇದು ಇನ್ಯಾರದೋ ಇರಬಹುದು, ಅವನ ಬಾಯಲ್ಲೇ ಎಲ್ ಸೌಸ್ ಅಂತ ಬಂದಿದೆಯಲ್ಲ ಎಂದರಂತೆ ಅಲ್ಲಿನವರು. ಈ ದೇಶದಲ್ಲೇ ಹುಟ್ಟಿದವನನ್ನು ವಕೀಲರು ಬಿಡಿಸಿ ತರುವಷ್ಟರಲ್ಲಿ ಚಳಿಗಾಲವಿಡೀ ನಡೆಯುವ ಸೇಬಿನ ಗಿಡ ಸವರುವ ಕೆಲಸವೆಲ್ಲ ಮುಗಿದಿತ್ತು.

ಮೊನ್ನೆ ಭಾನುವಾರ ನಾನು ರೊಸೆಂದೊನ ಜೊತೆ ಅವರ ಅಂಗಳದಲ್ಲೇ ಇದ್ದೆ. ಕ್ರಿಸ್ಪಿನ್ ಸಿಹಿಬ್ರೆಡ್ಡಿನ ಪೊಟ್ಟಣ ಹಿಡಿದು ಬಂದು, ಗೇಟಿನ ಹೊರಗೇ ನಿಂತ.

ಒಫೇಲಿಯ ಒಳಗಿನಿಂದಲೇ ಕೇಳಿದಳು: “ಕಾಫಿ ಮಾಡ್ಲಾ? ನಮ್ಮನೇಲಿ ಪೂರ್ತಿ ಕುಡಿಯೋಕೆ ಬಿಡ್ತೀವಿ.”

ಅವನು ತಲೆ ತಗ್ಗಿಸಿದ. “ನಮ್ಮೋನು ಅಂತ ಬಿಟ್ಬಿಟ್ಟ ಅಂತಾರೇನೋ ಅಂತ ಭಯ ಆಯ್ತು, ಕೊಂಪಾದ್ರೆ. ಅದಕ್ಕೇ ಅವರು ಬರೋವರೆಗೂ ಕೂರಿಸ್ಕೊಂಡೆ. ನಿನ್ನ ಹತ್ರ ಜನನಪತ್ರ ಇದೆ, ಬೇಗ ಬಂದ್ಬಿಡ್ತೀಯ ಅಂದ್ಕೊಂಡೆ.”

“ನೀನು ನನಗೋಸ್ಕರ ಕಾನೂನು ಮುರೀಬೇಕಾಗಿರ್ಲಿಲ್ಲ,” ಎಂದ ರೊಸೆಂದೊ. “ನಮಗೆ ಹೇಳಿಕೊಟ್ಯಲ್ಲ, ಅಷ್ಟನ್ನೇ ನಡೆಸಿದ್ರೆ ಸಾಕಿತ್ತು.”

ಆಮೇಲೆ ಕ್ರಿಸ್ಪಿನ್ ಮೇ ತಿಂಗಳ ಸುದ್ದಿ ಎತ್ತಿದ.

“ಅವಳನ್ನ ನಡೆಸೋಕೆ ನನ್ನ ತಮ್ಮನಿಗೆ ಹೇಳಿದೀವಿ, ಸಾಹೇಬ್ರೆ,” ಎಂದ ರೊಸೆಂದೊ.

ಕೊಂಪಾದ್ರೆ ಹೋಗಿ ಸಾಹೇಬ್ರೆ ಆದದ್ದು ಕೇಳಿ ನಾನು ತಿರುಗಿ ಅವನ ಮುಖ ನೋಡಿದೆ. ಕ್ರಿಸ್ಪಿನ್ ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು ಹೊರಟ. ಅದನ್ನು ಯಾರೂ ಒಳಗೆ ತರಲಿಲ್ಲ.

ರೊಟ್ಟಿಗೆಂದು ಹಿಂದಿನ ಸಂಜೆ ಸುಣ್ಣದ ನೀರಲ್ಲಿ ಬೇಯಿಸಿಟ್ಟ ಮೆಕ್ಕೆಜೋಳ ನಲ್ಲಿಯ ಕೆಳಗೆ ಕಾಯುತ್ತಿತ್ತು. ರೊಸೆಂದೊ ಅಂಗಿಯ ತೋಳು ಮಡಚಿ ಕುಕ್ಕರಗಾಲಲ್ಲಿ ಕೂತು ಉಜ್ಜತೊಡಗಿದ. ಸಿಪ್ಪೆ ಮೇಲೆ ತೇಲಿತು. ನಾನು ಬೋಗುಣಿ ಬಗ್ಗಿಸಿ ಹಳದಿ ನೀರು ಚೆಲ್ಲಿದೆ. ಅವನು ಮತ್ತೆ ನಲ್ಲಿ ತಿರುಗಿಸಿದ.