ಮೊದಲ ಸುತ್ತು ಖಾಲಿ

ತುಮಕೂರಿನಿಂದ ಬೆಳಿಗ್ಗೆ ಆರೂಕಾಲಿಗೆ ಹೊರಟೆ. ಮಂಜು ಸುರಿಯುತ್ತಿತ್ತು, ಗಾಜು ಒರೆಸಿ ಒರೆಸಿ ಅಂಗಿಯ ತೋಳು ಒದ್ದೆಯಾಯಿತು. ಹೆಂಡತಿ ಗೇಟಿನವರೆಗೆ ಬಂದು ನಿಂತಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನನ್ನನ್ನು ಕಳಿಸಲು ಅವಳು ಗೇಟಿಗೆ ಬಂದದ್ದೇ ಇಲ್ಲ. ಅವತ್ತು ಬಂದದ್ದು ಕಾರನ್ನು ಕಳಿಸಲು.

ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಅಪ್ಪ ಕೊಂಡ ಡೀಸೆಲ್ ಕಾರು ಅದು. ಬಂಗಾರಪೇಟೆ ಸ್ಟೇಷನ್ನಿಗೂ ಕೆ.ಜಿ.ಎಫ್.ಗೂ ಬಾಡಿಗೆ ಓಡಿಸಿದರು, ಕೈ ನಡುಗತೊಡಗಿದಾಗ ನನಗೆ ಕೊಟ್ಟರು. ಅವರು ತೀರಿಕೊಂಡು ಒಂಬತ್ತು ವರ್ಷ. ಈಗ ನನ್ನ ಎಡ ಮೊಣಕಾಲಿಗೂ ಕ್ಲಚ್ಚಿಗೂ ಆಗಿ ಬರುತ್ತಿಲ್ಲ. ಬಂಗಾರಪೇಟೆಗೆ ಆರು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಹಸು ಕಟ್ಟಿಕೊಂಡಿರುವ ನಾರಾಯಣಪ್ಪ ಎಂಬವರು ಕಾರು ಬೇಕೆಂದರು. ಅವರ ಸೊಸೆಗೆ ಎಂಟನೇ ತಿಂಗಳು. ಸಂಜೆಯ ಮೇಲೆ ಆ ಊರಿಗೆ ಬಸ್ಸಿಲ್ಲ, ಕೋಲಾರದ ಆಸ್ಪತ್ರೆ ದೂರ. "ದಾರೀಲಿ ಕೈ ಕೊಡಲ್ಲ ತಾನೇ ಸಾ?" ಎಂದು ಫೋನಿನಲ್ಲಿ ಮೂರು ಸಲ ಕೇಳಿದ್ದರು. ಕೊಡಲ್ಲ ಎಂದು ಮೂರು ಸಲವೂ ಮಾತು ಕೊಟ್ಟಿದ್ದೆ. ಆ ಮಾತಿಗೆ ಒಂದು ಆಧಾರ ಇರಲಿ ಎಂದು ಮೊದಲು ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಗೆ ಹೋಗಿ, ಅಪ್ಪನಿದ್ದಾಗ ಈ ಕಾರನ್ನು ನೋಡಿಕೊಳ್ಳುತ್ತಿದ್ದ ಅಂತೋಣಿ ಮೇಸ್ತ್ರಿಗೆ ಎಂಜಿನ್ ತೋರಿಸಿ, ಮಾರನೆಯ ದಿನ ಕಾರು ಒಪ್ಪಿಸಿ, ರೈಲಿನಲ್ಲಿ ಮರಳುವುದೆಂದು ಲೆಕ್ಕ ಹಾಕಿದ್ದೆ.

ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ, ವಿಜಯಪುರದಲ್ಲಿ ಇಡ್ಲಿ ತಿಂದೆ. ಚಟ್ನಿ ನೀರಾಗಿತ್ತು, ಆದರೂ ಬಿಸಿಯಿತ್ತು. ವೇಮಗಲ್ ದಾಟುವಾಗ ಬಿಸಿಲು ಬಂತು. ಕೋಲಾರ, ಬಂಗಾರಪೇಟೆ ಕಳೆದು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಕಣ್ಣಿಗೆ ಬಿದ್ದಾಗ ಹನ್ನೊಂದಾಗಿತ್ತು. ಮನೆಯಿಂದ ನೂರೈವತ್ತು ಕಿಲೋಮೀಟರಿನ ಮೇಲೆ ಸ್ವಲ್ಪ. ಉರಿಗಾಂನಲ್ಲಿ ಗಣಿಯವರಿಗೆಂದು ಸಾಲಾಗಿ ಕಟ್ಟಿದ, ಹಿಂದೆ ನಾವಿದ್ದ ಲೈನ್ ಮನೆಯ ಮುಂದೆ ಗಾಡಿ ನಿಧಾನ ಮಾಡಿದೆ. ಬಾಗಿಲಿಗೆ ಯಾರೋ ನೇರಳೆ ಬಣ್ಣ ಬಳಿದಿದ್ದರು. ಅಮ್ಮ ಕಂಡಿದ್ದರೆ ಬೈಯುತ್ತಿದ್ದಳು. ನನಗೆ ಮಾತ್ರ ಅಲ್ಲಿ ಇನ್ನೂ ಯಾರೋ ಬಣ್ಣ ಬಳಿಯುತ್ತಾರಲ್ಲ ಎಂದು ಸಂತೋಷವಾಯಿತು.

ಅಂತೋಣಿ ಮೇಸ್ತ್ರಿ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಜನರನ್ನು ಭೂಮಿಯ ಆಳಕ್ಕೆ ಇಳಿಸುವ ಕೇಜನ್ನು ಎಳೆಯುವ ದೊಡ್ಡ ಎಂಜಿನ್ ಅವರ ಪಾಲಿಗಿತ್ತು. ಈಗ ಎಂಬತ್ತು ದಾಟಿದೆ, ಕಿವಿ ಪೂರ್ತಿ ಹೋಗಿದೆ. ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿಯುವವಳು ಅವರ ಮಗಳು ಸ್ಟೆಲ್ಲಾ, ನನಗಿಂತ ಹತ್ತು ವರ್ಷ ಚಿಕ್ಕವಳು. ಏನಿದ್ದರೂ ಅವಳು ಅಪ್ಪನ ಮುಖದೆದುರು ನಿಂತು ಹೇಳಬೇಕು, ಆಗ ಅವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ.

"ವಾ ತಂಬಿ, ವಾ. ಒಂಬತ್ತು ವರ್ಷ ಆಯ್ತು ನಿನಗೆ ಈ ದಾರಿ ಸಿಗೋಕೆ," ಎಂದರು ಮೇಸ್ತ್ರಿ. ತಲೆ ತಗ್ಗಿಸಿದೆ. ತುಮಕೂರಿನಲ್ಲೇ ಎಣ್ಣೆ ಬದಲಿಸಿಕೊಂಡು ದಿನ ತಳ್ಳಿದ್ದೆ.

ಎಂಜಿನ್ ಓಡುತ್ತಿರುವಾಗಲೇ ಅವರು ಒಂದು ಉದ್ದನೆಯ ಕಬ್ಬಿಣದ ಸರಳು ತಂದರು. ಅದರ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿದರು. ಹಿಂದೆ ಸರಳನ್ನು ಕಿವಿಗೆ ಇಡುತ್ತಿದ್ದರು. ಕಿವಿ ಹೋದ ಮೇಲೆ ಹಲ್ಲಿನಲ್ಲಿ ಕೇಳುವುದನ್ನು ಕಲಿತಿದ್ದಾರೆ. ಇಂಜೆಕ್ಟರ್ ಪರವಾಗಿಲ್ಲ, ನೀರಿನ ಪಂಪು ಪರವಾಗಿಲ್ಲ ಎಂದು ಒಂದೊಂದಾಗಿ ಹೇಳಿ, "ಬೆಲ್ಟು?" ಎಂದರು.

ಆ ಎಂಜಿನ್ನಿನೊಳಗೆ ಹಲ್ಲಿರುವ ರಬ್ಬರ್ ಬೆಲ್ಟೊಂದಿದೆ. ಅದು ಹರಿದರೆ ವಾಲ್ವುಗಳು ಬಾಗಿ ಎಂಜಿನ್ ಅಲ್ಲಿಗೇ ಮುಗಿಯಿತು. ಅರವತ್ತು ಸಾವಿರ ಕಿಲೋಮೀಟರಿಗೊಮ್ಮೆ ಅದನ್ನು ಬದಲಿಸುವುದು ಅಪ್ಪನ ಕಟ್ಟುನಿಟ್ಟು. ಮುಂದಿನದು ಯಾವಾಗ ಎಂದು ಅವರು ಹೇಳಿಯೇ ಹೋಗಿದ್ದರು, ಮೀಟರ್ ನೋಡಿಕೊಂಡೇ ಬಂದಿದ್ದೆ.

"ಇನ್ನೂ ಒಂಬತ್ತು ಸಾವಿರ ಬಾಕಿ ಇದೆ. ಕೊಂಡುಕೊಳ್ಳೋರು ಬದಲಾಯಿಸ್ಕೊಳ್ತಾರೆ ಬಿಡಿ," ಎಂದೆ. ಸ್ಟೆಲ್ಲಾ ಅದನ್ನು ದಾಟಿಸಿದಳು.

ಮೇಸ್ತ್ರಿ ಚಾಲಕನ ಬಾಗಿಲು ತೆಗೆದು, ಕುಕ್ಕರುಗಾಲಲ್ಲಿ ಕೂತು, ಕ್ಲಚ್ ಪೆಡಲ್ಲಿನ ರಬ್ಬರನ್ನು ಹೆಬ್ಬೆರಳಿನಿಂದ ಸವರಿದರು. ಅದು ನುಣ್ಣಗೆ ಸವೆದು ಒಂದು ಕಡೆ ಕಬ್ಬಿಣವೇ ಕಾಣುತ್ತಿತ್ತು.

"ಬೆಲ್ಟು ಹಾಕಿದ ದಿನಾನೇ ನಿಮ್ಮಪ್ಪ ಈ ರಬ್ಬರ್ ಹಾಕಿಸಿದ್ದ. ಇದು ಬರೀ ಐವತ್ತು ಸಾವಿರ ತುಳಿದ ರಬ್ಬರ್ ಅಲ್ಲ. ಮೀಟರ್ ಯಾವತ್ತಾದ್ರೂ ನಿಂತಿತ್ತಾ ತಂಬಿ?"

ನಿಂತಿತ್ತು. ಅಪ್ಪ ತೀರಿಕೊಂಡ ವರ್ಷ ಮೀಟರಿನ ಕೇಬಲ್ ಹರಿದಿತ್ತು. ದಿನಾ ಗುಬ್ಬಿಯ ಕಾಲೇಜಿಗೆ ಹೋಗಿ ಬರುತ್ತಿದ್ದ ನಾನು ಎರಡು ವರ್ಷ ಅದನ್ನು ಹಾಗೇ ಬಿಟ್ಟಿದ್ದೆ. ಆಮೇಲೆ ಸರಿ ಮಾಡಿಸಿದವನು, ಮೀಟರ್ ನಿಂತಿದ್ದಾಗಲೂ ಕಾರು ನಿಂತಿರಲಿಲ್ಲ ಎಂಬುದನ್ನೇ ಮರೆತಿದ್ದೆ. ಗ್ರಂಥಪಾಲಕನಾಗಿ ಮೂವತ್ತು ವರ್ಷ ದಾಖಲೆ ಇಟ್ಟವನ ಬುದ್ಧಿವಂತಿಕೆ ಇದು.

"ಬೇರೆ ಎಲ್ಲಾ ಸಾಯೋ ಮುಂಚೆ ಕೂಗ್ತದೆ. ಬೇರಿಂಗ್ ಕೂಗ್ತದೆ, ಪಂಪು ಕೂಗ್ತದೆ," ಎಂದರು ಮೇಸ್ತ್ರಿ. "ಬೆಲ್ಟು ಕೂಗಲ್ಲ. ಅದಕ್ಕೇ ಅದನ್ನ ನೋಡ್ಬೇಕು. ಗಣೀಲಿ ಕೇಜಿನ ಹಗ್ಗಾನೂ ಅಂಗೇ."

ಎಂಜಿನ್ ತಣ್ಣಗಾಗಲು ಒಂದು ಗಂಟೆ ಕಾದೆವು. ಎದುರಿನ ಅಂಗಡಿಯಿಂದ ಮಸಾಲೆ ವಡೆ, ಟೀ ಬಂತು. ಆಮೇಲೆ ಸ್ಟೆಲ್ಲಾ ಎಂಜಿನ್ ಪಕ್ಕದ ಮುಚ್ಚಳ ಬಿಚ್ಚಿ, ಅದನ್ನು ತಿರುಗಿಸಿ ನನ್ನ ಕೈಗಿಟ್ಟಳು. ಒಳಮೈಯಲ್ಲಿ ಬಿಳಿ ಬಣ್ಣದಿಂದ ಬರೆದಿತ್ತು: '೧,೨೮,೦೦೦. ಮುಂದಿನದು ೧,೮೮,೦೦೦.' ಅಪ್ಪನ ಕೈಬರಹ. ಎಂಟಕ್ಕೆ ಬಾಲ ಎಳೆಯುವುದು ಅವರ ಅಭ್ಯಾಸ. ಇಷ್ಟು ವರ್ಷ ಅದು ನನ್ನ ಮೊಣಕಾಲಿನಿಂದ ಮೂರಡಿ ದೂರದಲ್ಲಿತ್ತು, ನಾನು ನೋಡಿರಲಿಲ್ಲ. ಅತ್ತುಬಿಟ್ಟೆ. ಸ್ಟೆಲ್ಲಾ ಆ ಕಡೆ ತಿರುಗಿ ಸ್ಪ್ಯಾನರ್ ಒರೆಸತೊಡಗಿದಳು.

ಬೆಲ್ಟನ್ನು ಮೇಸ್ತ್ರಿ ಹಿಂದಕ್ಕೆ ಬಗ್ಗಿಸಿ ತೋರಿಸಿದರು. ಪ್ರತಿ ಹಲ್ಲಿನ ಬುಡದಲ್ಲೂ ಬಿರುಕು; ಎರಡು ಹಲ್ಲು ಉಗುರು ತಾಗಿಸಿದರೆ ಏಳುತ್ತಿದ್ದವು. ಕೋಲಾರದ ರಸ್ತೆಯಲ್ಲಿ ಆ ಸೊಸೆಯನ್ನು ಕೂರಿಸಿಕೊಂಡು ಹೋಗುವಾಗ ಇದು ಹರಿದಿದ್ದರೆ ಎಂದು ನೆನೆದು, ಅದನ್ನು ಕೇಳಿ ಪಡೆದು ಕೈಚೀಲಕ್ಕೆ ಹಾಕಿಕೊಂಡೆ.

ಹೊಸ ಬೆಲ್ಟು, ಅದನ್ನು ಬಿಗಿಯಾಗಿ ಹಿಡಿದಿರುವ ಬೇರಿಂಗು, ಡೀಸೆಲ್ ಫಿಲ್ಟರ್, ಎರಡು ಹೋಸ್ ಪೈಪು, ಪೆಡಲ್ಲಿಗೊಂದು ಹೊಸ ರಬ್ಬರು. ಕೀಲಿ ತಿರುಗಿಸುವ ಮೊದಲು ಸ್ಟೆಲ್ಲಾ ಎಂಜಿನ್ನನ್ನು ಎರಡು ಸುತ್ತು ಕೈಯಲ್ಲೇ ತಿರುಗಿಸಿ ಹಲ್ಲುಚಕ್ರಗಳ ಮೇಲಿನ ಗುರುತುಗಳು ಕೂಡುತ್ತವೆಯೇ ಎಂದು ನೋಡಿದಳು. ಮುಚ್ಚಳ ಹಾಕುವ ಮುಂಚೆ ಬಣ್ಣದ ಬ್ರಷ್ ನನ್ನ ಕೈಗೆ ಕೊಟ್ಟಳು. ಅಪ್ಪನ ಸಾಲಿನ ಕೆಳಗೆ ೧,೭೯,೦೦೦ ಎಂದೂ, ಮುಂದಿನದು ೨,೩೯,೦೦೦ ಎಂದೂ ಬರೆದೆ. ನನ್ನ ಅಂಕಿಗಳು ಸೊಟ್ಟಗಾದವು.

ನಾಲ್ಕೂವರೆಗೆ ಎಂಜಿನ್ ಹೊತ್ತಿತು. ಪಕ್ಕದ ಸೀಟಿನಲ್ಲಿ ಕೂತ ನನ್ನನ್ನು ಸ್ಟೆಲ್ಲಾ ತಡೆದಳು.

"ಇಳೀರಿ ಅಣ್ಣಾ. ಮೊದಲ ಸುತ್ತು ಖಾಲಿ. ಬಿಗಿದೋಳು ನಾನು, ಓಡ್ಸೋಕೆ ನಾನೊಬ್ಳೇ ಸಾಕು."

ಅವಳು ಅಲ್ಲೇ ಹತ್ತಿರದ ಮೈಸೂರು ಮೈನ್ಸ್ ಗಣಿಯ ಕಡೆಗೆ ಹೋದಳು. ಮೇಸ್ತ್ರಿ ಮತ್ತು ನಾನು ರಸ್ತೆ ನೋಡುತ್ತ ನಿಂತೆವು. ಆಗ ಎಲ್ಲ ನೆನಪಾಯಿತು. ಅಪ್ಪ ಗಣಿಯ ಬಾಯಲ್ಲಿ ನಿಂತು, ಕೇಜು ಇಳಿಸಿ ಎಂದು ಎಂಜಿನ್ನಿನವರಿಗೆ ಗಂಟೆ ಹೊಡೆಯುವವರು. ಪ್ರತಿ ಶಿಫ್ಟಿನಲ್ಲೂ ಮೊದಲು ಖಾಲಿ ಕೇಜನ್ನು ತಳದವರೆಗೆ ಕಳಿಸಿ, ಅದು ಸರಿಯಾಗಿ ಮೇಲೆ ಬಂದ ಮೇಲೇ ಜನರನ್ನು ಹತ್ತಿಸಿ ಗಂಟೆ ಹೊಡೆಯುತ್ತಿದ್ದರು. ಟಿಫನ್ ಕ್ಯಾರಿಯರ್ ಹಿಡಿದು ಹೋದ ನಾನು ಒಂದು ದಿನ ಕಂಡೆ. ಚಳಿಯಲ್ಲಿ ನಿಂತ ಜನ ಬೇಗ ಬಿಡಯ್ಯಾ ಎಂದು ಮೂರು ಭಾಷೆಗಳಲ್ಲಿ ಬೈಯುತ್ತಿದ್ದರು, ಅಪ್ಪ ಕಲ್ಲಿನ ಹಾಗೆ ನಿಂತಿದ್ದರು. ಬೈಸಿಕೊಂಡು ಗಂಟೆ ಹೊಡೆಯುವುದೂ ಒಂದು ಕೆಲಸವೇ? ಎಂದು ನನಗೆ ನಾಚಿಕೆಯಾಗಿತ್ತು. ಆ ನಾಚಿಕೆಗೆ ಈಗ ನಾಚಿಕೆಯಾಯಿತು.

ಕಾರು ಮರಳಿತು. ಮೇಸ್ತ್ರಿ ನನ್ನ ಭುಜ ಹಿಡಿದು, "ಗಣೀಲಿ ಶಿಫ್ಟ್ ಬದಲಾದ್ರೆ ಖಾಲಿ ಸುತ್ತು. ನಾಳೆ ಗಾಡಿ ಕೈ ಬದಲಾಗ್ತದೆ. ಅಲ್ಲೂ ಅಷ್ಟೇ, ಮರೀಬೇಡ," ಎಂದರು. ರಾತ್ರಿ ಅವರ ಮನೆಯಲ್ಲೇ ಉಂಡು ಮಲಗಿದೆ.

ಮಾರನೆಯ ದಿನ ಹತ್ತಕ್ಕೆ ನಾರಾಯಣಪ್ಪನವರ ಮನೆ ಮುಟ್ಟಿದೆ. "ಬನ್ನಿ ಸಾ, ಇನ್ನೂ ಬರ್ನಿಲ್ವಲ್ಲ ಅಂತಿದ್ದೊ," ಎಂದು ಅವರು ಓಡಿ ಬಂದರು. ಅವರ ಹೆಂಡತಿ ಮುನಿರತ್ನಮ್ಮ ಕಾರಿಗೆ ಅರಿಸಿನ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮುಚ್ಚಳದೊಳಗಿನ ಬರಹದ ಫೋಟೋ ತೋರಿಸಿ, ಮುಂದಿನ ಬೆಲ್ಟು ಯಾವಾಗ ಎಂದು ವಿವರಿಸಿದೆ. ಅಷ್ಟರಲ್ಲಿ ಸೊಸೆ ಸವಿತ ನಗುತ್ತಾ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದಳು.

"ಮೊದಲ ಸುತ್ತು ಖಾಲಿ ಹೋಗಬೇಕು," ಎಂದೆ.

ನಾರಾಯಣಪ್ಪನವರ ಮುಖ ಸಣ್ಣಗಾಯಿತು. "ಪೂಜೆ ಆದ ಗಾಡಿ ಖಾಲಿ ಓಗ್ಬಾರ್ದು ಸಾ. ಬಸುರಿ ಎಂಗ್ಸು ಕೂತವ್ಳೆ, ಇಳಿ ಅಂತ ಎಂಗನ್ನೋದು?"

ನಾನು ಕೇಜಿನ ವಿಷಯ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಹುಚ್ಚಿನ ಹಾಗೆ ಕೇಳಿಸಿತು. ಆರತಿ ತಟ್ಟೆ ಹಿಡಿದಿದ್ದ ಮುನಿರತ್ನಮ್ಮ ಅದನ್ನು ಜಗಲಿಯ ಮೇಲಿಟ್ಟರು.

"ನಮ್ಮಪ್ಪಾನೂ ಗಣೀಗ್ ಇಳೀತಿದ್ದೋನೇ," ಎಂದರು. "ಖಾಲಿ ಕೇಜು ಮ್ಯಾಕ್ ಬರೋಗಂಟ ಕಾದು ಕಾದು, ಗಂಟೆ ಒಡೆಯೋನ್ನ ಬೈಕೊಂಡೇ ಇಳೀತಿದ್ನಂತೆ. ದಿನಾ ಸಂಜೀಕ್ ಮನೀಗ್ ಬತ್ತಿದ್ದ. ಇಳಿಯಮ್ಮಾ ಸವಿತಾ."

ಸವಿತ ಇಳಿದಳು. ನಾನು ಕೂತೆ. ನಿಂಬೆಹಣ್ಣು ಚಿಟ್ಟೆಂದು ಒಡೆದವು. ಕೆರೆ ಏರಿಯವರೆಗೆ ಹೋಗಿ ಬಂದೆ, ಎರಡು ಕಿಲೋಮೀಟರ್ ಇರಬಹುದು. ಹೊಸ ರಬ್ಬರು ಪಾದಕ್ಕೆ ಒರಟಾಗಿತ್ತು. ಮೊಣಕಾಲು ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂಗಳದಲ್ಲಿ ನಿಲ್ಲಿಸಿ, ಕೀಲಿಯನ್ನು ಮುನಿರತ್ನಮ್ಮನ ಕೈಗೇ ಕೊಟ್ಟೆ.

ನಾರಾಯಣಪ್ಪನವರೇ ಅದೇ ಕಾರಿನಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಟ್ಟರು. ಬಂಗಾರಪೇಟೆಯ ತಿಳಿ ನೀರಿನ ಖಾರದ ಪಾನಿಪುರಿ ಒಂದು ಪ್ಲೇಟು ತಿಂದು, ಮೂಗು ಒರೆಸಿಕೊಂಡು, ಇಪ್ಪತ್ತು ರೂಪಾಯಿಯ ಟಿಕೆಟ್ಟಿನಲ್ಲಿ ಬೆಂಗಳೂರಿನ ಪ್ಯಾಸೆಂಜರ್ ಹತ್ತಿದೆ. ಕೈಚೀಲದಲ್ಲಿ ಹಳೆಯ ಬೆಲ್ಟು ಇತ್ತು. ಟೇಕಲ್ ದಾಟುವಾಗ ಸ್ಟೆಲ್ಲಾಳ ಫೋನ್ ಬಂತು.

"ಅಣ್ಣಾ, ಅಪ್ಪ ಬೆಳಗ್ಗಿಂದ ಒಂದೇ ಸಮ ಕೇಳ್ತಾವ್ರೆ. ಖಾಲಿ ಸುತ್ತು ಆಯ್ತಾ?"

"ಆಯ್ತು ಅಂತ ಹೇಳಮ್ಮ. ನಾನೇ ಓಡಿಸಿದೆ."

ಅವಳು ಅಪ್ಪನ ಮುಖದೆದುರು ನಿಂತು ಹೇಳಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿಯ ದನಿ ದೂರದಿಂದ ಕೇಳಿಸಿತು. "ವಾಪಸ್ ಬಂತಾ ಕೇಳು."

"ಬಂತು," ಎಂದೆ.

"ಅಂಗಾದ್ರೆ ಸರಿ," ಎಂದಿತು ಮತ್ತೆ ಮೇಸ್ತ್ರಿಯ ದನಿ. "ಅವರಪ್ಪ ಇನ್ನು ಗಂಟೆ ಹೊಡೀಬೋದು ಅನ್ನು."