ಭಟ್ಟಿಗೆ ವಿಭೂತಿ ಹಚ್ಚಿದ ಮಲಕಮ್ಮ

ಮಲಕಮ್ಮನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ದೇವಾಪುರದವರು ಆಡಿಕೊಳ್ಳುತ್ತಾರೆ. ಇರದೆ ಏನು ಮಾಡೀತು? ಕಾಲುವೆ ನೀರು ಊರಿಗೆಲ್ಲ ಬಂತು, ದಿಬ್ಬದ ಮೇಲಿದ್ದ ಅವಳ ಹೊಲಕ್ಕೆ ಮಾತ್ರ ಏರಲಿಲ್ಲ. ಅವಳು ಅಳುತ್ತ ಕೂರದೆ ಕಡೇಚೂರಿನಲ್ಲಿ ಬಾಡಿಗೆಗೆ ಖೋಲಿ ಹಿಡಿದು ಪುಡಿ ಕಾರ್ಖಾನೆಗೆ ಸೇರಿದಳು.

ಹಲ್ಲಿನ ಕವಚಕ್ಕೆ ಬಳಸುವ ಜಿರ್ಕೋನಿಯಾ ಎಂಬ ಬಿಳಿ ಪುಡಿ ಅಲ್ಲಿ ತಯಾರಾಗುತ್ತಿತ್ತು. ಅದಕ್ಕೆ ಯಿಟ್ರಿಯಾ ಎಂಬುದನ್ನು ಚೂರು ಬೆರೆಸಿ ಭಟ್ಟಿಯಲ್ಲಿ ಕಾಯಿಸುತ್ತಿದ್ದರು. ಕಾವು ಹದವಾಗಿದ್ದರೆ ಬೆರೆಸಿದ್ದು ಪುಡಿಯ ಹರಳಿನೊಳಗೆ ಕೂತು, ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣಗೇ ಉಳಿಯುತ್ತವೆ. ಕಾವು ಮೀರಿತೋ, ಕಣಕ್ಕೆ ಕಣ ಅಂಟಿ ಬೆಳೆದು ಪುಡಿಯೆಲ್ಲ ಗಟ್ಟಿ ಹೆಂಟೆ. ಪುಡಿಯನ್ನು ತಟ್ಟೆಗೆ ತುಂಬುವುದು ಮಲಕಮ್ಮನ ಕೆಲಸ. ಕಾವು ನೋಡಿಕೊಳ್ಳುವವನು ಅವಳೂರಿನ ದೇವಿಂದ್ರ, ಮಧ್ಯಾಹ್ನ ಅವಳ ಬುತ್ತಿಯ ರೊಟ್ಟಿ ತಿನ್ನುವವನು.

ಅಮವಾಸ್ಯೆಗೊಮ್ಮೆ ಅವಳು ಭಟ್ಟಿಯ ಬಾಗಿಲಿಗೆ ವಿಭೂತಿ ಹಚ್ಚಿ ಕಾಯಿ ಒಡೆಯುತ್ತಿದ್ದಳು. ಅಂಥದೊಂದು ಅಮವಾಸ್ಯೆಯ ದಿನ ಪುಡಿ ಹೆಂಟೆಯಾಗಿ ಹೊರಬಂತು.

"ಇವಳ ಬೂದಿ ಬಿದ್ದು ಮಾಲು ಕೆಟ್ಟಿದೆ. ಮಲಕಮ್ಮ, ನಾಳೆಯಿಂದ ನೀನು ಬರಬೇಡ!" ಎಂದು ಮ್ಯಾನೇಜರ್ ಎಲ್ಲರೆದುರು ಕೂಗಾಡಿದ. ಬೇಗ ಮುಗಿಯಲೆಂದು ಕಾವು ಏರಿಸಲು ಹೇಳಿದವನು ಅವನೇ. ಏರಿಸಿದ ದೇವಿಂದ್ರ ನೆಲ ನೋಡುತ್ತ ನಿಂತ. ಥೂ, ಇಂಥ ಗಂಡಸರು!

ಮ್ಯಾನೇಜರನ ಅವಸರ ತಗ್ಗಲಿಲ್ಲ. ಮುಂದಿನ ಸಲವೂ ಪುಡಿ ಹೆಂಟೆಯಾಯಿತು. ಆಗ ವಿಭೂತಿಯೂ ಇರಲಿಲ್ಲ, ಮಲಕಮ್ಮನೂ ಇರಲಿಲ್ಲ. ಸುಳ್ಳು ಬಯಲಾದ ಮೇಲೆ ದೇವಿಂದ್ರ ಅವಳ ಖೋಲಿಗೆ ಬಂದ.

"ಸಾಹೇಬ್ರು ಬಾ ಅಂದಾರ ಅಕ್ಕಾ. ಅವತ್ತ ಕಾವು ಏರಿಸಿದ್ದು ನಾನ. ಅವರೇ ಏರಸು ಅಂದಿದ್ರು. ಹೆದರಿ ಬಾಯಿ ಬಿಡಲಿಲ್ಲ."

ಮಲಕಮ್ಮನ ಮೈ ಉರಿದುಹೋಯಿತು. "ನನ್ನ ರೊಟ್ಟಿ ತಿಂದ ಬಾಯಿ ಅದು. ಇಲ್ಲಿ ಯಾಕ ಬಿಡತಿ? ಎಲ್ಲಾರ ಮುಂದ ಬಿಡು, ನಡಿ!"

ದೇವಿಂದ್ರ ಕಾರ್ಖಾನೆಗೆ ಬಂದು ಎಲ್ಲರ ಮುಂದೆ ಅದನ್ನೇ ಹೇಳಿದ. ಮ್ಯಾನೇಜರ್ ಕೆಂಡವಾದ. "ನೀನು ಹೊರಗೆ ನಡಿ. ಮಲಕಮ್ಮ, ನೀನು ಕೆಲಸ ಶುರು ಮಾಡು."

ಅವಳಿಗೆ ಕೆಲಸ ಬೇಕೇ ಬೇಕಾಗಿತ್ತು. ದೇವಿಂದ್ರನ ಮೇಲಿನ ಸಿಟ್ಟೂ ಆರಿರಲಿಲ್ಲ. ಆದರೂ ಅವಳು ತಣ್ಣಗಿದ್ದ ಭಟ್ಟಿಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ಇವ ಅಂಜುಬುರುಕ ಅದಾನ, ಖರೆ. ಆದ್ರ ಇವತ್ತ ಬಾಯಿ ಬಿಟ್ಟಾನ. ನೀವು ಯಾವಾಗ ಬಿಡತೀರಿ, ಸಾಹೇಬ್ರ?"

ತಟ್ಟೆ ತುಂಬುವ ಉಳಿದ ಹೆಂಗಸರೂ ಬಂದು ಅವಳ ಬದಿಗೆ ಕೂತರು. ತಪ್ಪು ತನ್ನದೆಂದು ಮ್ಯಾನೇಜರ್ ಎಲ್ಲರೆದುರು ಹೇಳುವ ತನಕ ಒಂದು ತಟ್ಟೆಯೂ ಒಳಗೆ ಹೋಗಲಿಲ್ಲ.